ಒಂದು ಗೇಣು, ನಾಲ್ಕು ಬೆರಳು

ನನ್ನ ಓರಗಿತ್ತಿ ಭದ್ರಾವತಿಯಿಂದ ಫೋನ್ ಮಾಡಿದಾಗ ನಾನು ಶಿವಮೊಗ್ಗದ ನಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ದಂಟಿನ ಸೊಪ್ಪು ಸೋಸುತ್ತಿದ್ದೆ. ಕೈ ಒದ್ದೆಯಾಗಿದ್ದರಿಂದ ಸ್ಪೀಕರಿಗೆ ಹಾಕಿದೆ.

“ಅಕ್ಕ, ನಡಿಗೆ ಸ್ಪರ್ಧೆಗೆ ನಾನು ಸೆಲೆಕ್ಟ್ ಆದೆ! ಬ್ರೆಜಿಲ್ ಅಂತೆ. ಸಾವೊ ಪಾಲೊ ಅಂತ ಊರು. ದುಬೈಗೆ ಹೋಗಿ ಅಲ್ಲಿಂದ ಇನ್ನೊಂದು ವಿಮಾನ. ಎಲ್ಲಿ ಬರುತ್ತೆ ಅಕ್ಕ ಅದು?”

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು. ಬ್ರೆಜಿಲಿನ ನಕ್ಷೆಯನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆಯಬಲ್ಲೆ. ಸಾವೊ ಪಾಲೊ ಮಕರ ಸಂಕ್ರಾಂತಿ ವೃತ್ತದ ಮಗ್ಗುಲಲ್ಲಿದೆ, ಅದರ ಹಿಂದಿನ ಪ್ರಸ್ಥಭೂಮಿಯಲ್ಲಿ ಕಾಫಿ ಬೆಳೆಯುತ್ತಾರೆ ಎಂದು ಎಷ್ಟು ಬ್ಯಾಚಿನ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೋ. ಆದರೆ ವಿಮಾನ ಹತ್ತಿರಲಿಲ್ಲ. ಸಮುದ್ರವನ್ನು ನೋಡಿದ್ದೆಲ್ಲ ಮಕ್ಕಳ ಪ್ರವಾಸದಲ್ಲಿ, ದಡದಲ್ಲಿ ನಿಂತು, ಯಾರೂ ನೀರಿಗಿಳಿಯದಂತೆ ಸೀಟಿ ಊದುತ್ತಾ. ಈಗ, ಎಲ್ಲಿ ಬರುತ್ತದೆ ಎಂದು ಕೇಳುವವಳು ಆ ಊರಿಗೆ ಹೊರಟಿದ್ದಳು.

“ದಕ್ಷಿಣ ಅಮೆರಿಕ” ಎಂದೆ. “ತುಂಬಾ ಸಂತೋಷ ಕಣೇ” ಎಂದೂ ಸೇರಿಸಿದೆ. ಫೋನ್ ಇಟ್ಟ ಮೇಲೆ ನೋಡಿದರೆ ಸೋಸಿದ ಸೊಪ್ಪನ್ನು ಕಸದ ಬುಟ್ಟಿಗೆ ಹಾಕಿ ಕಡ್ಡಿಗಳನ್ನು ಪಾತ್ರೆಗೆ ತುಂಬಿದ್ದೆ.

ಅವಳನ್ನು ನಡೆಯಲು ಹಚ್ಚಿದವಳೇ ನಾನು. ನನ್ನ ಮೈದುನ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ನಿವೃತ್ತನಾದವನು. ಅವಳು ಎಸ್ಸೆಸ್ಸೆಲ್ಸಿ ಓದಿ ಮದುವೆಯಾಗಿ ಬಂದವಳು, ನನಗಿಂತ ಮೂರು ವರ್ಷ ಚಿಕ್ಕವಳು. ಐವತ್ತನಾಲ್ಕಕ್ಕೆ ಸಕ್ಕರೆ ಕಾಯಿಲೆ ಬಂತು. ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದಾಗ ಅವಳು ಅತ್ತೇಬಿಟ್ಟಿದ್ದಳು, ಬೀದಿಯಲ್ಲಿ ಕೆಲಸವಿಲ್ಲದೆ ನಡೆದರೆ ಜನ ಏನಂದುಕೊಳ್ಳುತ್ತಾರೋ ಅಂತ. ನಾನಾಗಲೇ ಶಿವಮೊಗ್ಗದ ಸ್ಟೇಡಿಯಮ್ಮಿನಲ್ಲಿ ಬೆಳಗ್ಗೆ ನಡೆಯುತ್ತಿದ್ದೆ. “ಭಾನುವಾರ ಬಸ್ಸು ಹತ್ತಿ ಬಾ. ನನ್ನ ಜೊತೆ ನಡಿ. ಯಾರೇನಂತಾರೆ ನೋಡೋಣ” ಎಂದೆ. ಚಪ್ಪಲಿಯಲ್ಲಿ ಬಂದವಳಿಗೆ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ ಬೂಟು ಕೊಡಿಸಿದೆ. ಹಿಮ್ಮಡಿ ಮೊದಲು ಊರಬೇಕು, ಕೈಯನ್ನು ಮೊಣಕೈಯಲ್ಲಿ ಮಡಚಬೇಕು ಎಂದೆಲ್ಲ ಹೇಳಿಕೊಟ್ಟೆ. ಮೊದಲ ತಿಂಗಳು ನಾನು ಮುಂದೆ, ಅವಳು ಏದುಸಿರು ಬಿಡುತ್ತಾ ಹಿಂದೆ. ನಾನು ತಿರುಗಿ ನಿಂತು ಅವಳಿಗಾಗಿ ಕಾಯುತ್ತಿದ್ದೆ. ಹಾಗೆ ಕಾಯುವುದರಲ್ಲಿ ನನಗೊಂದು ಸುಖವಿತ್ತು ಎಂದು ಆಗ ಗೊತ್ತಾಗಲಿಲ್ಲ.

ಆರು ತಿಂಗಳಲ್ಲಿ ಅವಳು ತಿರುಗಿ ನಿಂತು ನನಗಾಗಿ ಕಾಯತೊಡಗಿದಳು.

ಮುಂದಿನ ವರ್ಷ ಹಿರಿಯರಿಗಾಗಿ ಜಿಲ್ಲಾ ಮಟ್ಟದ ಕ್ರೀಡಾಕೂಟ ನಡೆಯಿತು. ಐವತ್ತೈದರಿಂದ ಅರವತ್ತರೊಳಗಿನ ಹೆಂಗಸರಿಗೆ ಮೂರು ಕಿಲೋಮೀಟರ್ ವೇಗದ ನಡಿಗೆ. ಇಬ್ಬರೂ ಹೆಸರು ಕೊಟ್ಟೆವು. ಈ ಸ್ಪರ್ಧೆಗೆ ಒಂದು ನಿಯಮವಿದೆ. ಯಾವ ಕ್ಷಣದಲ್ಲೂ ಎರಡು ಪಾದವೂ ಒಟ್ಟಿಗೆ ನೆಲ ಬಿಡಬಾರದು. ಬಿಟ್ಟರೆ ಅದು ಓಟ, ನಡಿಗೆಯಲ್ಲ. ಐದನೇ ಸುತ್ತಿನಲ್ಲಿ ಅವಳು ನನಗಿಂತ ಹತ್ತು ಮಾರು ಮುಂದಿದ್ದಳು. ಅವಳ ಜಡೆ ಬೆನ್ನ ಮೇಲೆ ಆಚೆ ಈಚೆ ಬಡಿಯುತ್ತಿದ್ದುದನ್ನು ನೋಡುತ್ತಾ ನೋಡುತ್ತಾ ನನಗೇನಾಯಿತೋ, ಓಡಿಬಿಟ್ಟೆ. ತೀರ್ಪುಗಾರರು ಎರಡು ಸಲ ಹಳದಿ ಫಲಕ ತೋರಿಸಿದರು. ನಾನು ನಿಲ್ಲಿಸಲಿಲ್ಲ. ಆಮೇಲೆ ಕೆಂಪು. “ಟೀಚರ್, ನೀವು ಹೊರಗೆ ಬನ್ನಿ” ಎಂದು ಧ್ವನಿವರ್ಧಕದಲ್ಲೇ ಕರೆದರು. ಆ ತೀರ್ಪುಗಾರ ನನ್ನ ಹಳೆಯ ವಿದ್ಯಾರ್ಥಿ. ಓರಗಿತ್ತಿಗೆ ಮೊದಲ ಸ್ಥಾನ ಬಂತು. ಬೆಂಗಳೂರಿನ ರಾಜ್ಯ ಕೂಟದಲ್ಲಿ ಎರಡನೆಯದು. ಅಲ್ಲಿಂದ ಸಾವೊ ಪಾಲೊದಲ್ಲಿ ಹಿರಿಯರ ಅಂತರರಾಷ್ಟ್ರೀಯ ಕೂಟ.

ಫೋನ್ ಬಂದ ವಾರ ಅವಳು ನನ್ನನ್ನು ಮನೆಗೆ ಕರೆದಳು. ಮಾತ್ರೆಗಳ ಲೆಕ್ಕ ಅವಳಿಗೆ ಬಗೆಹರಿದಿರಲಿಲ್ಲ. ಊಟಕ್ಕೆ ಮುಂಚೆ ಒಂದು, ಊಟದ ನಂತರ ಒಂದು. ಊಟದ ಹೊತ್ತೇ ಬದಲಾದರೆ ಏನು ಗತಿ? “ದುಬೈಯಿಂದ ಆ ಊರಿಗೆ ಎಷ್ಟು ದೂರ, ಎಷ್ಟು ಗಂಟೆ, ಎಲ್ಲಾ ನೀವೇ ಹೇಳ್ಬೇಕು ಅಕ್ಕ” ಎಂದಿದ್ದಳು. ಅಂಗೈಯಲ್ಲಿ ಮೊಬೈಲ್ ಇತ್ತು, ಕೇಳಿದರೆ ಅದೇ ಹೇಳುತ್ತಿತ್ತು. ಆದರೂ ನಾನು ನನ್ನ ಗ್ಲೋಬನ್ನೇ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡ ಗ್ಲೋಬು. ಅದರಲ್ಲಿ ರಷ್ಯಾ ಇನ್ನೂ ಸೋವಿಯತ್ ಒಕ್ಕೂಟವೇ. ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದನ್ನು ಕಂಡಕ್ಟರು ನೋಡಿ, “ಮೇಡಂ, ನಿಮಗೆ ಫ್ರೀ. ಭೂಮಿಗೆ ಹಾಫ್ ಟಿಕೆಟ್ ಆಗುತ್ತೆ” ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅವಳ ಮನೆಯ ಊಟದ ಮೇಜಿನ ಮೇಲೆ ಗ್ಲೋಬ್ ಇಟ್ಟು, ಹೊಲಿಗೆ ಡಬ್ಬದಿಂದ ದಾರ ತೆಗೆದುಕೊಂಡೆ. ಶಾಲೆಯಲ್ಲಿ ಮಾಡಿಸುತ್ತಿದ್ದುದು ಇದನ್ನೇ. ದಾರದ ಒಂದು ತುದಿಯನ್ನು ದುಬೈ ಮೇಲೆ ಒತ್ತಿ ಹಿಡಿದು ಇನ್ನೊಂದನ್ನು ಬಿಗಿಯಾಗಿ ಸಾವೊ ಪಾಲೊವರೆಗೆ ಎಳೆದರೆ ಅದೇ ಅತಿ ಹತ್ತಿರದ ದಾರಿ. ದಾರ ಅರಬ್ ದೇಶ ದಾಟಿ, ಆಫ್ರಿಕಾವನ್ನು ಓರೆಯಾಗಿ ಕತ್ತರಿಸಿ, ಕ್ಯಾಮರೂನಿನ ಬಳಿ ನೆಲ ಬಿಟ್ಟು ಅಟ್ಲಾಂಟಿಕ್ಕಿಗೆ ಇಳಿಯಿತು. ಅಳತೆ ಒಂದು ಗೇಣು, ನಾಲ್ಕು ಬೆರಳು. ಗ್ಲೋಬಿನ ನಡು ಸುತ್ತಿದ ದಾರಕ್ಕೆ ಹೋಲಿಸಿ ಲೆಕ್ಕ ಹಾಕಿದಾಗ ಹನ್ನೆರಡು ಸಾವಿರ ಕಿಲೋಮೀಟರಿಗೆ ಸ್ವಲ್ಪ ಮೇಲೆ ಬಂತು. ಅವಳ ಟಿಕೆಟ್ಟಿನಲ್ಲಿ ಹೊರಡುವ, ಇಳಿಯುವ ವೇಳೆ ಇತ್ತು. ಬೆಳಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಐದಕ್ಕೆ ಇಳಿಯುವುದು.

“ಓ, ಎಂಟೇ ಗಂಟೆ!” ಎಂದಳು ಖುಷಿಯಿಂದ.

“ಎಂಟಲ್ಲ, ಹದಿನೈದು” ಎಂದೆ. “ಆ ಊರಿನ ಗಡಿಯಾರ ದುಬೈಗಿಂತ ಏಳು ಗಂಟೆ ಹಿಂದೆ. ಹದಿನೈದು ಗಂಟೆ ಒಂದೇ ಸಮನೆ ಕೂತಿರ್ಬೇಕು.”

ಅವಳ ಮುಖ ಸಣ್ಣಗಾಯಿತು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ದಾರ ಸಮುದ್ರಕ್ಕಿಳಿದ ಕಡೆ ಬೆರಳಿಟ್ಟು, “ಇಲ್ಲಿಂದ ಇಲ್ಲೀವರೆಗೆ ಬರೀ ನೀರು. ಏಳೆಂಟು ಗಂಟೆ. ಮಧ್ಯದಲ್ಲಿ ಇಳಿಯೋಕೆ ಒಂದು ಚೂರು ನೆಲ ಇಲ್ಲ, ನೋಡು” ಎಂದೆ. ಅಷ್ಟು ಹೊತ್ತು ಕೂತರೆ ಕೆಲವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದೆ. ಸಕ್ಕರೆ ಇರುವವರು ಜೋಪಾನವಾಗಿರಬೇಕು ಎಂದೆ. ನೀನು ಸುಸ್ತಾದರೆ ಸುತ್ತಮುತ್ತ ಕನ್ನಡದವರು ಯಾರಿರುತ್ತಾರೆ ಎಂದು ಕೇಳಿದೆ. ಒಂದು ಸುಳ್ಳೂ ಹೇಳಲಿಲ್ಲ. ಎಲ್ಲವೂ ನಿಜ, ಪುಸ್ತಕದಲ್ಲಿರುವಂಥದ್ದೇ. ಆದರೆ ಆ ನಿಜಗಳಲ್ಲಿ ಯಾವುದನ್ನು ಮೊದಲು ಹೇಳಬೇಕು, ಯಾವಾಗ ಸುಮ್ಮನಾಗಿ ಅವಳ ಮುಖ ನೋಡಬೇಕು ಎಂಬುದನ್ನು ಆರಿಸಿದ್ದು ನಾನು. ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗ್ಲೋಬನ್ನೇ ನೋಡುತ್ತಿದ್ದಳು. ಮಾತ್ರೆಯ ವಿಷಯ ಮತ್ತೆ ಎತ್ತಲೇ ಇಲ್ಲ.

ಎರಡು ದಿನದ ಮೇಲೆ ಮೈದುನನ ಫೋನ್ ಬಂತು.

“ಅತ್ತಿಗೆ, ಇವಳು ಹೋಗಲ್ಲ ಅಂತ ಕೂತಿದಾಳೆ. ನಾನು ಹೇಳಿದ್ರೆ ಕೇಳಲ್ಲ. ನಿಮ್ಮ ಮಾತು ಅಂದ್ರೆ ವೇದವಾಕ್ಯ ಅವಳಿಗೆ. ನೀವೊಂದು ಸಲ ಧೈರ್ಯ ಹೇಳಿ.”

“ಹೇಳ್ತೀನಿ ಬಿಡಿ” ಎಂದೆ. ಹೇಳಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ದಿನ ಸಂಜೆ ನನಗೆ ತುಂಬಾ ಹಗುರವೆನಿಸಿತ್ತು. ಮನೆಯವರಿಗೆ ಇಷ್ಟವೆಂದು ಮೆಂತ್ಯದ ದೋಸೆಗೆ ನೆನೆಹಾಕಿದೆ. ಮರುದಿನ ಸ್ಟೇಡಿಯಮ್ಮಿನಲ್ಲಿ ಎರಡು ಸುತ್ತು ಹೆಚ್ಚಿಗೆ ನಡೆದೆ. ಮೈದುನನ ಮಾತು ನೆನಪಾದಾಗಲೆಲ್ಲ, ನಾಳೆ ಫೋನ್ ಮಾಡಿದರಾಯಿತು ಎಂದುಕೊಳ್ಳುತ್ತಿದ್ದೆ. ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದ ಮೇಲೆ ನಮ್ಮ ಮನೆಯ ತಾರಸಿಯ ಮೇಲೂ ಒಮ್ಮೊಮ್ಮೆ ಸದ್ದು ಕೇಳುತ್ತದೆ. ಮೊದಲೆಲ್ಲ ಆ ಸದ್ದು ಬಂದರೆ ಬಟ್ಟೆ ಒಣಗಿಸುವುದನ್ನು ಬಿಟ್ಟು ಒಳಗೆ ಹೋಗುತ್ತಿದ್ದೆ. ಆ ವಾರ ನಿಂತು ನೋಡಿದೆ.

ಶನಿವಾರ ಬೆಳಗ್ಗೆ ಅವನು ಮತ್ತೆ ಫೋನ್ ಮಾಡಿದ. ದನಿ ಬೇರೆಯಾಗಿತ್ತು. “ಅತ್ತಿಗೆ, ಒಂದ್ಸಲ ಬಂದು ಹೋಗಿ. ಬೆಳಗ್ಗೆ ಐದು ಗಂಟೆಯಿಂದ ಕುರ್ಚಿ ಬಿಟ್ಟು ಏಳ್ತಿಲ್ಲ ಇವಳು.”

ಹೆದರಿಸಿ ಹೆದರಿಸಿ ಅವಳ ತಲೆ ಕೆಡಿಸಿಬಿಟ್ಟೆನೇನೋ ಅಂದುಕೊಂಡೆ. ತಿಂಡಿಯನ್ನೂ ತಿನ್ನದೆ ಭದ್ರಾವತಿಯ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಅವಳು ಹಾಲಿನ ನಡುವೆ, ಕೈಯಿರುವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೂಡಿದಾರ, ಬೂಟು ಹಾಕಿಕೊಂಡು ಕೂತಿದ್ದಳು. ಸೊಂಟಕ್ಕೆ ಗಂಡನ ಹಳೆಯ ಬೆಲ್ಟನ್ನು ಕುರ್ಚಿಯ ಸಮೇತ ಸುತ್ತಿಕೊಂಡಿದ್ದಳು. ಎದುರಿನ ಸ್ಟೂಲಿನ ಮೇಲೆ ರಕ್ತದ ಸಕ್ಕರೆ ನೋಡುವ ಚಿಕ್ಕ ಯಂತ್ರ, ಒಂದು ನೋಟ್‌ಬುಕ್ಕು, ನೀರಿನ ಬಾಟಲಿ. ಮೈದುನ ಅಡುಗೆಮನೆಯಿಂದ ಪ್ಲೇಟಿನಲ್ಲಿ ಎರಡು ಇಡ್ಲಿ ತಂದು ಅವಳ ತೊಡೆಯ ಮೇಲಿನ ಮಣೆಯ ಮೇಲಿಟ್ಟ.

“ಏನೇ ಇದು?” ಎಂದೆ.

“ಹದಿನೈದು ಗಂಟೆ ಕೂರಕ್ಕಾಗುತ್ತಾ ಅಂತ ನೋಡ್ತಿದೀನಿ ಅಕ್ಕ. ಐದಕ್ಕೆ ಹತ್ತಿದೆ. ರಾತ್ರಿ ಎಂಟಕ್ಕೆ ಇಳೀತೀನಿ. ಬಾತ್‌ರೂಮಿಗೆ ಮಾತ್ರ ಏಳೋದು. ಗಂಟೆಗೊಂದ್ಸಲ ಪಾದ ಹೀಗೆ ಆಡಿಸ್ತೀನಿ, ರಕ್ತ ಕಟ್ಟಬಾರದಲ್ಲ. ನೀವೇ ಹೇಳಿದ್ರಲ್ಲ.”

ಪಕ್ಕದ ಮನೆಯ ತಮಿಳಿನ ಹೆಂಗಸು ಕಿಟಕಿಯಲ್ಲಿ ಮುಖ ಇಟ್ಟು, “ಫ್ಲೈಟು ಎಂಗೆ ಇರುಕ್ಕು ಅಕ್ಕಾ? ಇನ್ನೂ ಆಫ್ರಿಕಾ ಮೇಲೇನಾ?” ಎಂದು ಕೇಳಿದಳು.

“ಸುಡಾನ್ ದಾಟ್ತಿದೀವಿ” ಎಂದಳು ಇವಳು, ಗೋಡೆಯ ಗಡಿಯಾರ ನೋಡಿ. ಬಂದ ಭಯವೆಲ್ಲ ಇಳಿದು ಅದರ ಜಾಗದಲ್ಲಿ ಹಳೆಯದೇ ಉರಿ ಎದ್ದಿತು. ಅವಳು ಸುಡಾನ್ ಎಂದದ್ದು ಸರಿಯಾಗಿತ್ತು. ನಾನು ಹೆದರಿಸಲು ಹೇಳಿದ್ದನ್ನೆಲ್ಲ ಅವಳು ಪಾಠವೆಂದು ಕಲಿತುಕೊಂಡಿದ್ದಳು.

ಮೈದುನ ನನಗೂ ಇಡ್ಲಿ ಕೊಟ್ಟ. ಇನ್ನೊಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. ವಾಪಸು ಹೋಗಬೇಕೆನ್ನಿಸಿದರೂ ಹೋಗಲಾಗಲಿಲ್ಲ. ಅವಳು ಬೆರಳು ಚುಚ್ಚಿ ಸಕ್ಕರೆ ನೋಡಿ ಬರೆದುಕೊಂಡಳು. ಮಧ್ಯಾಹ್ನ ಮೊಸರನ್ನ ಬಂತು. ಮೂರು ಗಂಟೆಯ ಹೊತ್ತಿಗೆ ಅವಳ ಸೊಂಟ ನೋಯತೊಡಗಿತು. ತುಟಿ ಕಚ್ಚಿಕೊಂಡು ಕೂತಿದ್ದಳೇ ಹೊರತು ಬೆಲ್ಟ್ ಬಿಚ್ಚಲಿಲ್ಲ. ಮೈದುನ ಒಳಗೆ ಮಲಗಿದ್ದ. ನನಗೆ ತಡೆಯಲಾಗಲಿಲ್ಲ.

“ಅವತ್ತು ನಾನು ಹೇಳಿದ್ದೆಲ್ಲ ಹೊಟ್ಟೆಕಿಚ್ಚಿಗೆ ಕಣೇ” ಎಂದೆ. “ನೀನು ಹೆದರ್ಲಿ ಅಂತಲೇ ಹೇಳಿದೆ. ನೀನು ಹೋಗಲ್ಲ ಅಂದಿದ್ದು ಕೇಳಿ ಖುಷಿಪಟ್ಟೆ.”

ಅವಳು ಪಾದ ಆಡಿಸುವುದನ್ನು ನಿಲ್ಲಿಸಲಿಲ್ಲ. “ಗೊತ್ತು” ಎಂದಳು.

“ಗೊತ್ತಾ?”

“ನಿಮಗೆ ಕೆಂಪು ಫಲಕ ತೋರಿಸಿದ ದಿವಸವೇ ಗೊತ್ತಾಯ್ತು. ನನ್ನ ಹಿಂದೆ ನೀವು ಓಡಿ ಬರ್ತಿದ್ದ ಸದ್ದು ಕೇಳಿಸ್ತಿತ್ತು ಅಕ್ಕ. ಯಾರ ಕಾಲು ಅಂತ ತಿರುಗಿ ನೋಡ್ಬೇಕಾಗಿರ್ಲಿಲ್ಲ.”

“ಹಾಗಿದ್ರೆ ನನ್ನನ್ನೇ ಯಾಕೆ ಕೇಳಿದೆ ಮಾರಾಯ್ತಿ? ಎಷ್ಟು ಗಂಟೆ, ಎಷ್ಟು ದೂರ ಅಂತ?”

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಕರುಣೆಯೇನೂ ಇರಲಿಲ್ಲ. ಸ್ವಲ್ಪ ಸಿಟ್ಟೇ ಇತ್ತು. “ಹೊಟ್ಟೆಕಿಚ್ಚು ನಿಮಗೆ ನನ್ನ ಮೇಲೆ. ಲೆಕ್ಕದ ಮೇಲೆ ಇಲ್ವಲ್ಲ. ನೀವು ಎಷ್ಟೇ ಉರ್ಕೊಂಡ್ರೂ ಹನ್ನೆರಡು ಸಾವಿರನ ಹದಿಮೂರು ಸಾವಿರ ಅಂತ ಹೇಳಲ್ಲ. ನಿಮಗೆ ಆಗೋದೇ ಇಲ್ಲ ಅದು.” ಆಮೇಲೆ ಗಡಿಯಾರ ನೋಡಿ ಹೇಳಿದಳು. “ಒಂದು ನಾಲ್ಕು ದಿವಸ ನಿಜವಾಗ್ಲೂ ಹೆದರಿದ್ದೆ. ಅದಕ್ಕೆ ನಿಮ್ಮನ್ನ ಬೈಕೊಂಡಿದೀನಿ, ಅದನ್ನೂ ಹೇಳ್ಬಿಡ್ತೀನಿ.”

ಅವಳು ಬೈದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಪಾಲಿಗೆ ಸರಿಯಾಗಿಯೇ ಇದ್ದವು. ನಾನು ಮುಸುಮುಸು ಅತ್ತೆ. ಅವಳು ನೀರಿನ ಬಾಟಲಿ ನನ್ನ ಕಡೆ ತಳ್ಳಿದಳು, ಅಷ್ಟೇ.

ಆ ಸಂಜೆ ಅವಳ ನೋಟ್‌ಬುಕ್ಕು ತೆಗೆದುಕೊಂಡು ಮಾತ್ರೆಯ ಪಟ್ಟಿ ಮಾಡಿದೆ. ದುಬೈಯಲ್ಲಿ ಬೆಳಗ್ಗೆ ಏಳಕ್ಕೆ ತಿಂಡಿ. ಸಾವೊ ಪಾಲೊದಲ್ಲಿ ರಾತ್ರಿ ಎಂಟಕ್ಕೆ ಊಟ. ಗಡಿಯಾರ ನೋಡಿದರೆ ನಡುವೆ ಹದಿಮೂರೇ ಗಂಟೆ. ಹೊಟ್ಟೆಗೆ ಮಾತ್ರ ಅದು ಇಪ್ಪತ್ತು. ಸೂರ್ಯನ ಜೊತೆಜೊತೆಗೇ ಪಶ್ಚಿಮಕ್ಕೆ ಹೋಗುವುದರಿಂದ ಹಗಲು ಉದ್ದವಾಗುತ್ತದೆ. ಹಾಗಾಗಿ ಒಂದು ಊಟ ಹೆಚ್ಚಿಗೆ. ಗಡಿಯಾರವನ್ನು ದುಬೈ ವೇಳೆಯಲ್ಲೇ ಬಿಟ್ಟು, ಇಳಿದ ಮೇಲಷ್ಟೇ ತಿರುಗಿಸಬೇಕೆಂದು ದೊಡ್ಡ ಅಕ್ಷರದಲ್ಲಿ ಬರೆದೆ. ಮಾರನೆಯ ವಾರ ಅವಳ ಡಾಕ್ಟರು ಪಟ್ಟಿಯನ್ನು ನೋಡಿ ಒಂದು ಮಾತ್ರೆಯ ಹೊತ್ತನ್ನು ಮಾತ್ರ ತಿದ್ದಿದರು. ಆ ಒಂದು ತಿದ್ದುಪಡಿಯೂ ನನಗೆ ಚುಚ್ಚಿತು. ಅವತ್ತು ರಾತ್ರಿ ಎಂಟು ಗಂಟೆಗೆ ಸರಿಯಾಗಿ ಅವಳು ಬೆಲ್ಟ್ ಬಿಚ್ಚಿ ಎದ್ದು ನಿಂತಾಗ ಮೈದುನ ಚಪ್ಪಾಳೆ ತಟ್ಟಿದ್ದ. ನಾನೂ ತಟ್ಟಿದ್ದೆ.

ಹೊರಡುವ ದಿನ ಸೋಗಾನೆಗೆ ನಾವೆಲ್ಲ ಹೋದೆವು. ಅಲ್ಲಿಂದ ಬೆಂಗಳೂರಿಗೆ ಒಂದು ಗಂಟೆ, ಬೆಂಗಳೂರಿನಿಂದ ತಂಡದ ಜೊತೆ ದುಬೈಗೆ ನಾಲ್ಕು. ಅವಳು ನೀಲಿ ಜರ್ಸಿ ಹಾಕಿಕೊಂಡಿದ್ದಳು, ಬೆನ್ನ ಮೇಲೆ ದೇಶದ ಹೆಸರಿತ್ತು. ಒಳಗೆ ಹೋಗುವ ಮುಂಚೆ ನನ್ನ ಕಾಲಿಗೆ ನಮಸ್ಕರಿಸಿದಳು. ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ. ಆ ಕ್ಷಣದಲ್ಲೂ, ಗಾಜಿನ ಬಾಗಿಲಿನಾಚೆ ಹೋಗುತ್ತಿರುವುದು ನಾನಾಗಿದ್ದರೆ ಎಂದೇ ಅಂದುಕೊಂಡೆ. ಗೆದ್ದು ಬಾ ಎಂದು ಬಾಯಿ ಹೇಳಿತು. ಮನಸ್ಸು ಹೇಳಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನವಿಡೀ ನಾನು ಗಡಿಯಾರ ನೋಡುತ್ತಿದ್ದೆ. ನಮ್ಮ ಹತ್ತೂವರೆಗೆ ಅವಳು ದುಬೈ ಬಿಟ್ಟಿರಬೇಕು. ನಾನು ಮಧ್ಯಾಹ್ನದ ಊಟಕ್ಕೆ ಕೂತಾಗ ಆಫ್ರಿಕಾದ ಮೇಲೆ. ಸಂಜೆ ದೇವರಿಗೆ ದೀಪ ಹಚ್ಚುವಾಗ ಅವಳ ಕೆಳಗೆ ಅಟ್ಲಾಂಟಿಕ್, ಅದೂ ನಡುಹಗಲಿನ ಬೆಳಕಿನಲ್ಲಿ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, “ನೀನೂ ಜೊತೆಗೆ ಹೋದಂಗಿದೆಯಲ್ಲೇ” ಎಂದರು. “ಹೋಗಿದ್ರೆ ಸೊಪ್ಪಿನ ಹುಳಿ ಯಾರು ಮಾಡ್ತಿದ್ರು?” ಎಂದು ರೇಗಿದೆ. ಅವರು ಮತ್ತೆ ಪೇಪರಿನೊಳಗೆ ಹೋದರು.

ಸ್ಪರ್ಧೆಯಲ್ಲಿ ಅವಳಿಗೆ ಹದಿನೆಂಟು ಮಂದಿಯಲ್ಲಿ ಹನ್ನೊಂದನೆಯ ಸ್ಥಾನ ಬಂತು. ನಿಜ ಹೇಳಬೇಕೆಂದರೆ ಮೆಸೇಜ್ ಓದಿ ನನಗೆ ಸಮಾಧಾನವಾಯಿತು. ಮೂರರೊಳಗೆ ಬಂದಿದ್ದರೆ ಹೇಗೆ ತಡೆದುಕೊಳ್ಳುತ್ತಿದ್ದೆನೋ. ಅವಳು ಮಾತ್ರ ಬಹಳ ಖುಷಿಯಲ್ಲಿದ್ದಳು. ಅವಳ ಹಳೆಯ ಸಮಯಕ್ಕಿಂತ ಒಂದು ನಿಮಿಷ ಬೇಗ ಮುಗಿಸಿದ್ದಳಂತೆ.

ವಾಪಸು ಬಂದ ಮೇಲೆ ನೋಡಲು ಹೋದೆ. ಒಂದು ಪೊಟ್ಟಣ ಕಾಫಿಪುಡಿ ತಂದುಕೊಟ್ಟಳು. ನಾನು ಅದನ್ನು ಮೂಸಿಯೂ ನೋಡದೆ ಕೇಳಿದೆ.

“ಸಮುದ್ರ ಹೇಗಿತ್ತು? ಮೇಲಿಂದ?”

“ಯಾವ ಸಮುದ್ರ?”

“ಅಟ್ಲಾಂಟಿಕ್ ಕಣೇ! ಎಂಟು ಗಂಟೆ ಅದರ ಮೇಲೇ ಹೋದ್ಯಲ್ಲ!”

“ಅಯ್ಯೋ, ನಂಗೆ ಕಿಟಕಿ ಪಕ್ಕ ಸಿಗಲಿಲ್ಲ ಅಕ್ಕ. ಕಿಟಕಿ ಹತ್ರ ಕೂತಿದ್ದ ಅಮ್ಮ ಬಿಸಿಲು ಅಂತ ಹತ್ತಿದ ತಕ್ಷಣ ಮುಚ್ಚಿಬಿಟ್ರು. ಎಲ್ರೂ ಮುಚ್ಚಿದ್ರು. ಒಳಗೆಲ್ಲ ಕತ್ತಲೆ. ನೀವು ಬರೆದ ಪಟ್ಟಿ ನೋಡ್ಕೊಂಡು ಎದ್ದೆದ್ದು ಮಾತ್ರೆ ತಗೊಂಡೆ, ಪಾದ ಆಡಿಸಿದೆ, ಮಲಗಿದೆ.”

ನಾನು ಎದ್ದು ಅವಳ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅಷ್ಟು ಕೋಪ ಬಂದಿತ್ತು. ಒಂದು ಇಡೀ ಮಹಾಸಾಗರ, ಹಗಲ ಬೆಳಕಿನಲ್ಲಿ, ಅವಳ ಮಗ್ಗುಲಲ್ಲೇ ಹರಡಿಕೊಂಡಿತ್ತು. ಒಂದು ಸಲ, ಒಂದೇ ಸಲ, ಆ ಹೆಂಗಸನ್ನು ಕೇಳಿ ಪರದೆ ಎತ್ತಿಸಿ ನೋಡಬಾರದಿತ್ತೇ? ನಾನಾಗಿದ್ದರೆ ಹದಿನೈದು ಗಂಟೆಯೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅವಳು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

“ಬೈಬೇಡಿ ಅಕ್ಕ. ನೋಡ್ಬೇಕು ಅಂತ ಅನ್ನಿಸಲೇ ಇಲ್ಲ. ನಂಗೆ ಅಲ್ಲಿ ಹೋಗಿ ನಡೀಬೇಕಿತ್ತು, ಅಷ್ಟೇ. ಅಷ್ಟು ನೋಡ್ಬೇಕು ಅಂದ್ರೆ ನೀವೇ ಹೋಗಿ. ನಿಮ್ಮನ್ನ ಯಾರು ಹಿಡ್ಕೊಂಡಿದಾರೆ?”

ಯಾರೂ ಹಿಡಿದುಕೊಂಡಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿರಲಿಲ್ಲ. ಯಾರೋ ಕರೆದುಕೊಂಡು ಹೋಗುತ್ತಾರೆ ಎಂದು ಕಾದಿದ್ದೆ. ಆ ತಿಂಗಳೇ ಅರ್ಜಿ ಹಾಕಿದೆ. ವಿಚಾರಣೆಗೆ ಮನೆಗೆ ಬಂದ ಪೊಲೀಸಿನವರು ಬಾಗಿಲಲ್ಲೇ ನಿಂತು, “ಯಾವ ದೇಶಕ್ಕೆ ಹೊರಟಿದೀರಿ ಟೀಚರ್?” ಎಂದು ಕೇಳಿದರು. “ಇನ್ನೂ ಗೊತ್ತಿಲ್ಲ, ಸಮುದ್ರ ದಾಟಿದ್ರೆ ಸಾಕು” ಎಂದೆ. ಅವರು ನನ್ನ ಮುಖ ನೋಡಿ ಸಹಿ ಹಾಕಿಸಿಕೊಂಡು ಹೋದರು.

ಪಾಸ್‌ಪೋರ್ಟ್ ಬಂದು ಈಗ ಎರಡು ತಿಂಗಳು. ಅರವತ್ತು ದಾಟಿದ್ದರಿಂದ ನಡಿಗೆಯಲ್ಲಿ ನನ್ನದು ಅವಳಿಂದ ಬೇರೆ ವಿಭಾಗ. ಭಾನುವಾರ ಅವಳು ಈಗಲೂ ಬರುತ್ತಾಳೆ, ಈಗಲೂ ಮುಂದೆ ಹೋಗಿ ತಿರುಗಿ ನಿಲ್ಲುತ್ತಾಳೆ, ನನಗೆ ಈಗಲೂ ಉರಿಯುತ್ತದೆ. ಕಳೆದ ವಾರ ನಡಿಗೆ ಮುಗಿಸಿ ಮನೆಗೆ ಬಂದಾಗ ಪಾಸ್‌ಪೋರ್ಟನ್ನು ಅವಳ ಕೈಗೆ ಕೊಟ್ಟೆ. ಖಾಲಿ ಹಾಳೆಗಳನ್ನೆಲ್ಲ ಒಂದೊಂದಾಗಿ ತಿರುವಿ, ಫೋಟೋ ಇದ್ದ ಹಾಳೆಗೆ ಮರಳಿ ಬಹಳ ಹೊತ್ತು ನೋಡಿದಳು.

“ಫೋಟೋ ಚೆನ್ನಾಗಿ ಬಂದಿದೆ ಅಕ್ಕ” ಎಂದಳು. “ನಂದಕ್ಕಿಂತ ಚೆನ್ನಾಗಿದೆ.”

ಅವಳು ಬಸ್ಸು ಹತ್ತಿ ಹೋದ ಮೇಲೆ ನಾನು ಆ ಫೋಟೋವನ್ನು ಇನ್ನೊಮ್ಮೆ ತೆಗೆದು ನೋಡಿದೆ. ಹೌದು, ಅವಳದಕ್ಕಿಂತ ಚೆನ್ನಾಗಿಯೇ ಇದೆ.